ಕೊಳೆ ಬಂದಿದ್ದು ಅಡಿಕೆಗೋ, ಅಕ್ಷರಕ್ಕೋ?

ಸಾಗರ
ಅಕ್ಷಯ ತದಿಗೆಯ ಮರುದಿನ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ದೊಡ್ಡಮ್ಮನ ಮಂಡಿನೋವು ಈ ಸಲ ಸ್ವಲ್ಪ ಬೇಗ ಶುರುವಾಗಿದೆ, ಹಾಗಾಗಿ ಮಳೆಯೂ ಬೇಗ ಬರುತ್ತದೆಂದು ಅವಳ ಲೆಕ್ಕ. ಟಿ.ವಿ.ಯಲ್ಲಿ ಹೇಳುವ ಹವಾಮಾನಕ್ಕಿಂತ ಆ ಮಂಡಿಯ ಮೇಲೆ ನನಗೆ ನಂಬಿಕೆ ಹೆಚ್ಚು. ಮೈಲುತುತ್ತ, ಸುಣ್ಣ ತಂದಿಟ್ಟಾಯಿತು.

ಮೊನ್ನೆ ನೀನು ಫೋನ್ ಮಾಡಿ, ತೀರ್ಥಹಳ್ಳಿ ಕಡೆಯ ಒಂದು ಊರಿನಲ್ಲಿ ಅಡಿಕೆ ಬೆಳೆಗಾರರ ಮುಂದೆ ಕೊಳೆರೋಗದ ಬಗ್ಗೆ ಮಾತಾಡಬೇಕು, ಕೆಲಸಕ್ಕೆ ಸೇರಿದ ಮೇಲೆ ಇದೇ ಮೊದಲ ಕಾರ್ಯಕ್ರಮ ಅಂದೆ. ಅದಾದ ಮೇಲೆ ಕೇಳಿದ್ದು ಒಂದೇ ಪ್ರಶ್ನೆ: ‘ದೊಡ್ಡಪ್ಪಾ, ಯಾವ ಲ್ಯಾಪ್‌ಟಾಪ್ ತಗೊಳ್ಳಲಿ?’ ಹ್ಞೂಂ, ನೋಡೋಣ ಅಂತ ಫೋನಿಟ್ಟೆ. ಫೋನಿನಲ್ಲಿ ಹೇಳಿ ಮುಗಿಯುವ ಉತ್ತರವಲ್ಲ ಅದು. ಮನೆಯಲ್ಲಿ ಕೂತು ಚಿತ್ರ, ಬರಹ ಜೋಡಿಸುವುದಕ್ಕೆ ಬೇಕಿದ್ದರೆ ಯಾವುದಾದರೂ ತಗೋ. ಆದರೆ ಆ ಊರಿಗೆ ಹೊತ್ತುಕೊಂಡು ಹೋಗಬೇಡ. ಒಂದು ಮೆಮೊರಿ ಕಾರ್ಡನ್ನು ಕಿಸೆಗೆ ಹಾಕಿಕೊಂಡು ಹೋಗು. ಚೂಡಿದಾರಕ್ಕೆ ಕಿಸೆ ಇಲ್ಲ ಅನ್ನಬೇಡ, ಹೊಲಿಸಿಕೋ.

ಮುದುಕನಿಗೆ ಕಂಪ್ಯೂಟರ್ ಕಂಡರೆ ಹೆದರಿಕೆ ಅಂತ ನಗಬೇಡ. ನಾನು ಇದನ್ನು ಹೇಳುತ್ತಿರುವುದು ಮೂವತ್ತು ವರ್ಷ ಬಗೆಬಗೆಯ ಪೆಟ್ಟಿಗೆಗಳನ್ನು ಊರೂರಿಗೆ ಹೊತ್ತು ಬೆನ್ನು ಸವೆಸಿಕೊಂಡ ಮೇಲೆ.

ನಾನು ಇಲಾಖೆಗೆ ಸೇರಿದಾಗ ಸ್ಲೈಡ್ ಅಂದರೆ ಕೈಯಲ್ಲಿ ಹಿಡಿಯುವ ವಸ್ತು. ಎರಡಂಗುಲ ಚೌಕದ ರಟ್ಟಿನ ಚೌಕಟ್ಟು, ಅದರ ನಡುವೆ 35 ಮಿ.ಮೀ. ಫಿಲ್ಮಿನ ಒಂದು ತುಣುಕು. ಪ್ರೊಜೆಕ್ಟರಿನೊಳಗೆ ಅದನ್ನು ತಲೆಕೆಳಗಾಗಿ ಇಡಬೇಕು, ಮಸೂರ ಅದನ್ನು ತಿರುಗಿಸಿ ಪರದೆಯ ಮೇಲೆ ನೇರ ಮಾಡುತ್ತದೆ. ಕತ್ತಲಲ್ಲಿ ತಪ್ಪಬಾರದೆಂದು ಪ್ರತಿ ಸ್ಲೈಡಿನ ಎಡ ಕೆಳಮೂಲೆಗೆ ಕೆಂಪು ಶಾಯಿಯ ಚುಕ್ಕೆ ಇಡುತ್ತಿದ್ದೆವು. ತಲೆಕೆಳಗು ಮಾಡಿದಾಗ ಆ ಚುಕ್ಕೆ ಬಲ ಮೇಲ್ಮೂಲೆಗೆ ಬಂದು ಹೆಬ್ಬೆರಳಿನ ಕೆಳಗೆ ಸಿಗಬೇಕು. ಸಿಕ್ಕರೆ ಸರಿ. ಸಿಗದಿದ್ದರೆ ಅಡಿಕೆ ಮರ ಬೇರು ಮೇಲಾಗಿ ನಿಲ್ಲುತ್ತದೆ, ಊರ ಮಕ್ಕಳು ಹೋ ಎನ್ನುತ್ತವೆ. ಅಮೆರಿಕದ ಕೊಡಾಕ್‌ನವರ ಕ್ಯಾರೊಸೆಲ್ ಎಂಬ ಪ್ರೊಜೆಕ್ಟರಿಗೆ 80 ಸ್ಲೈಡು ಹಿಡಿಯುವ ದುಂಡನೆಯ ತಟ್ಟೆ ಇರುತ್ತಿತ್ತು, ಗುಂಡಿ ಒತ್ತಿದರೆ ಒಂದೊಂದಾಗಿ ಬೀಳುತ್ತಿದ್ದವು. ನಮ್ಮ ಭಾಗ್ಯಕ್ಕೆ ಸಿಕ್ಕಿದ್ದು ಕೈಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಳ್ಳುವ ಮಾದರಿ. 2004ರಲ್ಲಿ ಕೊಡಾಕ್ ಸ್ಲೈಡ್ ಪ್ರೊಜೆಕ್ಟರ್ ತಯಾರಿಸುವುದನ್ನೇ ನಿಲ್ಲಿಸಿತು ಅಂತ ಪೇಪರಿನಲ್ಲಿ ಓದಿದ ದಿನ ನನಗೆ ಊಟ ಸೇರಲಿಲ್ಲ. ದೊಡ್ಡಮ್ಮ ಇವತ್ತಿಗೂ ಅದನ್ನು ಹೇಳಿ ನಗುತ್ತಾಳೆ.

ಆ ಸ್ಲೈಡುಗಳ ದೊಡ್ಡ ಶತ್ರು ನಮ್ಮ ಮಳೆಗಾಲ. ಫಿಲ್ಮಿನ ಮೇಲಿರುವ ಜೆಲಾಟಿನ್ ಪದರ ಬೂಷ್ಟಿಗೆ ಹಬ್ಬದೂಟ. ಒಂದು ವರ್ಷ ಆಟಿ ಕಳೆದು ಡಬ್ಬಿ ತೆಗೆದರೆ ಕೊಳೆರೋಗದ ಸ್ಲೈಡುಗಳಿಗೇ ಬೂಷ್ಟು ಬಂದಿತ್ತು. ಜೇಡನ ಬಲೆಯ ಹಾಗೆ ಎಳೆ ಹರಡಿಕೊಂಡು, ರೋಗದ ಕಾಯಿಯ ಚಿತ್ರದ ಮೇಲೆ ಇನ್ನೊಂದು ರೋಗ. ಪರದೆಯ ಮೇಲೆ ಅದನ್ನು ಹಾಕಿದರೆ ಯಾವುದು ಅಡಿಕೆಯ ರೋಗ, ಯಾವುದು ಫಿಲ್ಮಿನ ಬೂಷ್ಟು ಅಂತ ನನಗೇ ಹೇಳಲು ಬರುತ್ತಿರಲಿಲ್ಲ. ಆಮೇಲೆ ದೊಡ್ಡಮ್ಮ ಔಷಧದ ಬಾಟಲಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನೆಲ್ಲ ಕೂಡಿಟ್ಟು, ಬಿಸ್ಕತ್ತಿನ ಡಬ್ಬಿಯಲ್ಲಿ ಸ್ಲೈಡುಗಳ ಜೊತೆ ಹಾಕಿ ಮುಚ್ಚಿಡುತ್ತಿದ್ದಳು. ನಲವತ್ತೆರಡು ಸ್ಲೈಡು ಉಳಿದದ್ದು ಅವಳಿಂದ.

ಲ್ಯಾಪ್‌ಟಾಪಿನ ಕಾಲ ಬಂದಾಗ ಎಲ್ಲರಿಗಿಂತ ಮೊದಲು ಕುಣಿದವನು ನಾನೇ. ಪವರ್‌ಪಾಯಿಂಟ್ ಕಲಿತೆ. ಅಕ್ಷರಗಳು ಎಡದಿಂದ ಹಾರಿ ಬರುವ ಹಾಗೆ, ಮಿಂಚುವ ಹಾಗೆ, ಉರುಳುವ ಹಾಗೆ ಎಲ್ಲ ಮಾಡಿದೆ. ನಾಚಿಕೆಯಾಗುತ್ತದೆ ಈಗ. ಒಂದು ಸಲ ತರಬೇತಿ ಕಾರ್ಯಕ್ರಮಕ್ಕೆ ಕರೆದಿದ್ದರು. ‘ಲ್ಯಾಪ್‌ಟಾಪ್ ತರುವುದು ಬೇಡ ಸಾರ್, ನಮ್ಮಲ್ಲೇ ಕಂಪ್ಯೂಟರಿದೆ, ಪೆನ್‌ಡ್ರೈವ್ ತನ್ನಿ ಸಾಕು’ ಅಂದರು. ಹಾಗೇ ಮಾಡಿದೆ. ಸಭಾಂಗಣ ತುಂಬಿತ್ತು, ಮುಂದಿನ ಸಾಲಿನಲ್ಲಿ ಎಪ್ಪತ್ತು ದಾಟಿದ ಬೆಳೆಗಾರರು. ಕಡತ ತೆರೆದರೆ ಪರದೆಯ ಮೇಲೆ ಕನ್ನಡ ಇಲ್ಲ! ಇಂಗ್ಲಿಷ್ ಅಕ್ಷರಗಳ ತಲೆಗೆ ಕೊಂಬು, ಬಾಲ, ಚುಕ್ಕೆ ಅಂಟಿಸಿದಂಥ ಏನೋ ಒಂದು ಸಾಲು. ಹಾಲಿನ ಕೊನೆಯಿಂದ ಒಬ್ಬರು ಕೂಗಿದರು: ‘ಏನ್ ಸಾರ್, ಕೊಳೆ ಬಂದಿದ್ದು ಅಡಿಕೆಗೋ, ಅಕ್ಷರಕ್ಕೋ?’

ಇಡೀ ಹಾಲು ನಕ್ಕಿತು. ನಾನೂ ನಕ್ಕೆ. ಬೆನ್ನು ಮಾತ್ರ ಬೆವರಿನಿಂದ ಒದ್ದೆಯಾಗಿತ್ತು.

ಆದದ್ದು ಇಷ್ಟೇ. ಆಗ ನಾವೆಲ್ಲ ನುಡಿ, ಬರಹಗಳಲ್ಲಿ ಟೈಪ್ ಮಾಡುತ್ತಿದ್ದೆವು. ಆ ಕಾಲದ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಿದ್ದರು. ಆ ಫಾಂಟು ಇರುವ ಕಂಪ್ಯೂಟರಿನಲ್ಲಿ ಅದು ಕನ್ನಡ, ಇಲ್ಲದ ಕಡೆ ಅದು ಕೊಂಬು, ಬಾಲ. ಈಗ ಯೂನಿಕೋಡ್ ಬಂದಿದೆಯಲ್ಲ ದೊಡ್ಡಪ್ಪಾ ಅನ್ನುತ್ತೀಯ. ಬಂದಿದೆ, ನಿಜ. ಆದರೆ ನೀನು ಚೆಂದವೆಂದು ಆರಿಸಿದ ಫಾಂಟು ಅಲ್ಲಿರದಿದ್ದರೆ ಕಂಪ್ಯೂಟರು ತನಗೆ ತೋಚಿದ ಇನ್ನೊಂದನ್ನು ತಂದು ಹಾಕುತ್ತದೆ. ಸಾಲು ಉದ್ದವಾಗಿ ಅಂಚಿನಿಂದಾಚೆ ಹೋಗುತ್ತದೆ, ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಢಿಕ್ಕಿ ಹೊಡೆಯುತ್ತದೆ. ‘ಸಿಂಪಡಣೆ’ ಮೇಲಿನ ಸಾಲಿನಲ್ಲಿ ಅರ್ಧ, ಕೆಳಗಿನದ್ದರಲ್ಲಿ ಅರ್ಧ. ಕಂಪ್ಯೂಟರ್ ಬದಲಾದ ಕಡೆಯಲ್ಲೆಲ್ಲ ಕನ್ನಡಕ್ಕೆ ಈ ಪಾಡು ಇನ್ನೂ ತಪ್ಪಿಲ್ಲ.

ಇದಕ್ಕೆ ಮದ್ದು ಸಿಕ್ಕಿದ್ದು ತೀರಾ ಆಕಸ್ಮಿಕವಾಗಿ, ನಿನ್ನ ಅಕ್ಕನ ನಿಶ್ಚಿತಾರ್ಥದ ದಿನ. ಆಗಷ್ಟೇ ಒಂದು ಸಣ್ಣ ಡಿಜಿಟಲ್ ಕ್ಯಾಮೆರಾ ಕೊಂಡಿದ್ದೆ. ಅದರ ಜೊತೆ ಬಂದ ಹಳದಿ ತುದಿಯ ತಂತಿಯನ್ನು ಟಿ.ವಿ.ಗೆ ಸಿಕ್ಕಿಸಿ ಯಾರೋ ಹುಡುಗರು ಫೋಟೊಗಳನ್ನೆಲ್ಲ ತೋರಿಸುತ್ತಿದ್ದರು. ಹೋಳಿಗೆ ಬಡಿಸುವವರು ಕೂಡ ಬಂದು ನಿಂತು ನೋಡಿದರು. ನನಗೆ ಹೊಳೆದದ್ದು ಆಗ. ಫೋಟೊ ತೋರಿಸಲು ಕಂಪ್ಯೂಟರ್ ಬೇಡವಾದರೆ, ನನ್ನ ಪಾಠದ ಪುಟಗಳೂ ಫೋಟೊಗಳೇ ಆಗಿಬಿಟ್ಟರೆ? ಫೋಟೊದಲ್ಲಿರುವ ಅಕ್ಷರಕ್ಕೆ ಫಾಂಟಿನ ಹಂಗಿಲ್ಲ. ಅದು ಅಕ್ಷರವೇ ಅಲ್ಲ, ಚಿತ್ರ. ಒಮ್ಮೆ ನೆಟ್ಟಗೆ ಮೂಡಿದರೆ ಎಲ್ಲಿ ಹೋದರೂ ನೆಟ್ಟಗೆ.

ಆ ರಾತ್ರಿಯೇ ಪುಟಗಳನ್ನು ಜೆಪೆಗ್ ಚಿತ್ರಗಳಾಗಿ ಉಳಿಸಿ ಕಾರ್ಡಿಗೆ ಹಾಕಿದೆ. ಕ್ಯಾಮೆರಾ ‘ಚಿತ್ರಗಳಿಲ್ಲ’ ಅಂತು. ಎಲ್ಲವೂ ಕಾರ್ಡಿನಲ್ಲಿ ಇವೆ, ಕ್ಯಾಮೆರಾದ ಪಾಲಿಗೆ ಮಾತ್ರ ಇಲ್ಲ. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ಕ್ಯಾಮೆರಾಗಳಿಗೆ ತಮ್ಮದೇ ಮಡಿ ಇದೆ ಅಂತ. ಕಾರ್ಡಿನಲ್ಲಿ ಡಿಸಿಐಎಂ ಎಂಬ ಕಪಾಟು ಇರಬೇಕು. ಅದರೊಳಗೆ ಮೂರು ಅಂಕಿಯಿಂದ ಶುರುವಾಗುವ ಎಂಟಕ್ಷರದ ಹೆಸರಿನ ಇನ್ನೊಂದು. ಚಿತ್ರದ ಹೆಸರಿನಲ್ಲಿ ನಾಲ್ಕು ಅಕ್ಷರ, ನಾಲ್ಕು ಅಂಕಿ. ಒಂದು ಹೆಚ್ಚಲ್ಲ, ಒಂದು ಕಡಿಮೆಯಲ್ಲ. ಕ್ಯಾಮೆರಾ ಕಂಪನಿಗಳೆಲ್ಲ ಕೂಡಿ ಮಾಡಿಕೊಂಡ ನಿಯಮ ಇದು. ಈ ಗೋತ್ರಸೂತ್ರ ಸರಿಹೋದ ಮೇಲೆ ನನ್ನ ಪುಟಗಳನ್ನು ಒಳಗೆ ಬಿಟ್ಟುಕೊಂಡಿತು. ಹಳದಿ ತಂತಿಯನ್ನು ಪ್ರೊಜೆಕ್ಟರಿನ ಹಳದಿ ತೂತಿಗೆ ಸಿಕ್ಕಿಸಿ, ಕ್ಯಾಮೆರಾದ ಬಾಣದ ಗುಂಡಿ ಒತ್ತುತ್ತ ಎರಡು ವರ್ಷ ಊರೂರು ತಿರುಗಿದೆ. ಆ ತಂತಿಯಲ್ಲಿ ಹೋಗುವುದು ಹಳೇ ಟಿ.ವಿ.ಯ ಚಿತ್ರ, ಐನೂರೆಪ್ಪತ್ತಾರು ಗೆರೆ ಅಷ್ಟೇ. ಸಣ್ಣ ಅಕ್ಷರ ಕಲಸಿಹೋಗುತ್ತಿತ್ತು. ದಪ್ಪ ಅಕ್ಷರ ಬರೆಯುವುದನ್ನು ನಾನು ಕಲಿತದ್ದು ಆ ಬಡತನದಲ್ಲಿ.

ಆಮೇಲೆ ಕಾರ್ಡಿನ ಸೀಳು, ಇಲ್ಲವೆ ಯುಎಸ್‌ಬಿ ತೂತು ಇರುವ ಪ್ರೊಜೆಕ್ಟರುಗಳು ಬಂದವು. ಕಾರ್ಡನ್ನು ನೇರ ಪ್ರೊಜೆಕ್ಟರಿನ ಬಾಯಿಗೆ ಹಾಕಿದರಾಯಿತು. ಬರೀ ಯುಎಸ್‌ಬಿ ತೂತಿದ್ದರೆ ಕಡಿಮೆ ಬೆಲೆಗೆ ಕಾರ್ಡ್ ರೀಡರ್ ಸಿಗುತ್ತದೆ, ಅದರಲ್ಲಿ ಸಿಕ್ಕಿಸು. ಚಿತ್ರ ಸ್ಫುಟ, ಕೈಯಲ್ಲಿ ರಿಮೋಟ್. ಹೀಗೆ ಮೊದಲ ಸಲ ಮಾಡಿದಾಗ ಏನಾಯಿತು ಗೊತ್ತೆ? ಒಟ್ಟು ಹತ್ತು ಪುಟ. ಮೊದಲನೆಯದರಲ್ಲಿ ‘ಎಲ್ಲರಿಗೂ ಸ್ವಾಗತ’. ರಿಮೋಟ್ ಒತ್ತಿದೆ, ‘ವಂದನೆಗಳು’ ಅಂತ ಬಂತು! ಜನ ಚಪ್ಪಾಳೆ ತಟ್ಟಿದರು. ಇಷ್ಟು ಚಿಕ್ಕ ಭಾಷಣ ಮಾಡಿದ ಅಧಿಕಾರಿಯನ್ನು ಅವರು ಅಲ್ಲಿಯವರೆಗೆ ಕಂಡಿರಲಿಲ್ಲವಂತೆ. ಯಂತ್ರಕ್ಕೆ ಲೆಕ್ಕ ಬರುವುದಿಲ್ಲ ಪುಟ್ಟಿ, ಅಕ್ಷರಮಾಲೆಯ ಕ್ರಮ ಮಾತ್ರ ಬರುತ್ತದೆ. ಅದರ ಪ್ರಕಾರ 1 ಆದ ಮೇಲೆ 10, ಅದಾದ ಮೇಲೆ 2. ಅದಕ್ಕೇ 001, 002 ಅಂತ ಮೂರಂಕಿಯಲ್ಲೇ ಹೆಸರಿಡು. ಕನ್ನಡದಲ್ಲಿ ಹೆಸರು ಕೊಡಬೇಡ, ಪ್ರೊಜೆಕ್ಟರು ಡಬ್ಬಿ ಡಬ್ಬಿ ತೋರಿಸುತ್ತದೆ. ಕೆಲವು ಯಂತ್ರಗಳು ಇನ್ನೂ ದಡ್ಡ. ಹೆಸರನ್ನೂ ನೋಡುವುದಿಲ್ಲ, ಕಾರ್ಡಿಗೆ ಯಾವುದನ್ನು ಮೊದಲು ನಕಲು ಮಾಡಿದೆಯೋ ಅದನ್ನೇ ಮೊದಲು ತೋರಿಸುತ್ತವೆ. ಕಾರ್ಡನ್ನು ಫಾರ್ಮ್ಯಾಟ್ ಮಾಡಿ ಖಾಲಿ ಮಾಡಿಕೊಂಡು, ಕ್ರಮವಾಗಿ ಒಂದೊಂದನ್ನೇ ಹಾಕಿದರೆ ಎರಡೂ ಜಾತಿಯ ಯಂತ್ರಕ್ಕೆ ಸರಿಹೋಗುತ್ತದೆ.

ಕಾರ್ಡ್ ದೊಡ್ಡದಿದ್ದಷ್ಟೂ ಒಳ್ಳೆಯದು ಅಂದುಕೊಂಡು ಅಂಗಡಿಯವನು ಕೊಟ್ಟದ್ದನ್ನೆಲ್ಲ ತರಬೇಡ. ಎಸ್‌ಡಿ ಕಾರ್ಡ್ 1999ರಲ್ಲಿ ಬಂದದ್ದು. ಮೊದಲ ಜಾತಿಯದ್ದು 2 ಜಿಬಿಯವರೆಗೆ, 2006ರಲ್ಲಿ ಬಂದ ಎಸ್‌ಡಿಎಚ್‌ಸಿ 32 ಜಿಬಿಯವರೆಗೆ, ಅದರ ಮೇಲಿನದ್ದು ಎಸ್‌ಡಿಎಕ್ಸ್‌ಸಿ. ಅಂಗೈಯಲ್ಲಿ ಇಟ್ಟರೆ ಮೂರೂ ಒಂದೇ ರೂಪ. ಹಳೆಯ ಪ್ರೊಜೆಕ್ಟರು ಹೊಸ ಜಾತಿಯ ಕಾರ್ಡನ್ನು ಬಾಯಿಗೆ ಹಾಕಿಕೊಂಡರೂ ನುಂಗುವುದಿಲ್ಲ. ನನ್ನ ಬಳಿ ಒಂದು 2 ಜಿಬಿಯದ್ದು, ಒಂದು 8 ಜಿಬಿಯದ್ದು ಇವೆ. ಎರಡರಲ್ಲೂ ಅದೇ ಚಿತ್ರಗಳು, ಎರಡೂ ಫ್ಯಾಟ್-32 ರೀತಿಯಲ್ಲಿ ಫಾರ್ಮ್ಯಾಟ್ ಮಾಡಿದವು. ಇಪ್ಪತ್ತೆರಡು ಚಿತ್ರಕ್ಕೆ 2 ಜಿಬಿ ಅಂದರೆ ಕಣಜಕ್ಕೆ ಒಂದು ಹಿಡಿ ಭತ್ತ.

ಪವರ್‌ಪಾಯಿಂಟಿನಲ್ಲಿ ಪುಟಗಳನ್ನು ಉಳಿಸುವಾಗ ಜೆಪೆಗ್ ಆರಿಸು. ಈ ಒಂದೇ ಪುಟವೋ, ಎಲ್ಲವೋ ಅಂತ ಕೇಳುತ್ತದೆ. ಎಲ್ಲವೂ ಅನ್ನು. ಪಿಡಿಎಫ್ ಸಾಲದೇ ಅಂತ ನೀನು ಕೇಳಬಹುದು. ಬಹಳಷ್ಟು ಪ್ರೊಜೆಕ್ಟರುಗಳಿಗೆ ಪಿಡಿಎಫ್ ಜೀರ್ಣವಾಗುವುದಿಲ್ಲ, ಜೆಪೆಗ್ ಎಲ್ಲಕ್ಕೂ ಒಗ್ಗುತ್ತದೆ. ಅದರಲ್ಲೂ ಪ್ರೋಗ್ರೆಸಿವ್ ಅಂತ ಒಂದು ಬಗೆ ಇದೆ, ಮೊದಲು ಮಸುಕಾಗಿ ಬಂದು ಆಮೇಲೆ ಸ್ಪಷ್ಟವಾಗುವಂಥದ್ದು. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಕೆಲವು ಚಿತ್ರಗಳು ಹಾಗಿರುತ್ತವೆ. ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಕಾಣುತ್ತವೆ, ಪ್ರೊಜೆಕ್ಟರಿನಲ್ಲಿ ಎಷ್ಟೋ ಸಲ ತೆರೆಯುವುದೇ ಇಲ್ಲ. ಅಂಥದ್ದನ್ನು ಒಂದು ಪುಟಕ್ಕೆ ಅಂಟಿಸಿ ಮತ್ತೆ ಉಳಿಸಿಬಿಡು.

ಹಾರಿ ಬರುವ ಅಕ್ಷರ, ಮಿಂಚು ಎಲ್ಲ ಇಲ್ಲಿಗೆ ಮುಗಿಯಿತು. ಚಿತ್ರದಲ್ಲಿ ಚಲನೆ ಇಲ್ಲ. ಒಂದೊಂದಾಗಿ ಮೂಡಬೇಕು ಅಂತ ಮಾಡಿದ್ದೆಲ್ಲ ಒಟ್ಟಿಗೇ ಬಂದು ಕೂತಿರುತ್ತದೆ. ಹಂತಹಂತವಾಗಿ ಹೇಳಬೇಕಾದ್ದಕ್ಕೆ ಹಂತಕ್ಕೊಂದು ಪುಟ ಮಾಡು. ಕೊಳೆಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ನಾನು ಹೀಗೆ ಮಾಡಿಕೊಂಡಿದ್ದೇನೆ. ಮೊದಲ ಚಿತ್ರದಲ್ಲಿ ಎರಡು ಪ್ಲಾಸ್ಟಿಕ್ ಡ್ರಮ್ಮು, ಖಾಲಿ. ಎರಡನೆಯದರಲ್ಲಿ ಒಂದು ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತ, ನೀಲಿ. ಮೂರನೆಯದರಲ್ಲಿ ಇನ್ನೊಂದರಲ್ಲಿ 50 ಲೀಟರಿಗೆ 1 ಕಿಲೊ ಸುಣ್ಣ, ಬಿಳಿ. ನಾಲ್ಕನೆಯದರಲ್ಲಿ ನೀಲಿಯನ್ನು ಬಿಳಿಗೆ ಸುರಿಯುತ್ತಿರುವ ಕೈ. ಐದನೆಯದರಲ್ಲಿ ದ್ರಾವಣದಲ್ಲಿ ಅದ್ದಿ ತೆಗೆದ ಕತ್ತಿಯ ಅಲಗು. ಅಲಗಿನ ಮೇಲೆ ಕೆಂಪು ಕಿಲುಬು ಕೂತಿದ್ದರೆ ಸುಣ್ಣ ಸಾಲದು ಅಂತ ಲೆಕ್ಕ. ಐದು ಚಿತ್ರ, ಐದರಲ್ಲೂ ಒಂದೇ ಕೋನ, ಒಂದೇ ಜಾಗ. ರಿಮೋಟ್ ಒತ್ತುತ್ತ ಹೋದರೆ ಕಣ್ಣೆದುರೇ ಬೆರೆಸಿದ ಹಾಗೆ. ಕೋಲ್ಮನ್ ಸಾಹೇಬರು ಮೈಸೂರು ಸಂಸ್ಥಾನದಲ್ಲಿ ಕೊಳೆರೋಗದ ಮೇಲೆ ಪುಸ್ತಕ ಬರೆದದ್ದು 1910ರಲ್ಲಿ. ಅಂದಿನಿಂದ ನಾವು ಹೇಳುತ್ತಿರುವುದು ಈ ಎರಡು ಡ್ರಮ್ಮಿನ ಕಥೆಯನ್ನೇ. ಆದರೂ ಯಾವುದನ್ನು ಯಾವುದಕ್ಕೆ ಸುರಿಯಬೇಕು ಅಂತ ಪ್ರತಿ ಸಭೆಯಲ್ಲಿ ಒಬ್ಬರಾದರೂ ಕೇಳುತ್ತಾರೆ. ಆ ಸುರಿಯುವ ಕೈಯ ಚಿತ್ರಕ್ಕೆ ಹೋಗಿ ನಿಲ್ಲು, ಬಾಯಿಬಿಡುವ ಅಗತ್ಯವೇ ಇಲ್ಲ.

ಈ ‘ಹೋಗಿ ನಿಲ್ಲುವುದು’ ಇದೆಯಲ್ಲ, ಅದಕ್ಕಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ.

ಲ್ಯಾಪ್‌ಟಾಪ್ ಇದ್ದಾಗ ನಾನು ಎಲ್ಲಿರುತ್ತಿದ್ದೆ ಅಂತ ಯೋಚಿಸಿದರೆ ಮೇಜಿನ ಹಿಂದೆ, ತಲೆ ತಗ್ಗಿಸಿಕೊಂಡು, ಮುಖದ ಮೇಲೆ ನೀಲಿ ಬೆಳಕು. ಜನ ನನ್ನ ಬೋಳು ನೆತ್ತಿಗೆ ನಮಸ್ಕಾರ ಹೇಳುತ್ತಿದ್ದರು. ಕಾರ್ಡ್ ಬಂದ ಮೇಲೆ ಕೈಯಲ್ಲಿ ಉಳಿದದ್ದು ರಿಮೋಟ್ ಒಂದೇ. ಮೇಜು ಬಿಟ್ಟು ಈಚೆ ಬಂದೆ. ಜನರ ನಡುವೆ, ಕೆಲವೊಮ್ಮೆ ಅವರ ಹಿಂದೆ ಗೋಡೆಗೊರಗಿ ನಿಂತು ಮಾತಾಡಿದೆ. ಅವರ ಕಣ್ಣು ಎಲ್ಲಿ ನಿಲ್ಲುತ್ತದೆ ಅಂತ ಆಗ ಮೊದಲ ಸಲ ಕಂಡಿತು.

ಹೊಸನಗರದ ಕಡೆ ಒಂದು ಮನೆಯ ಅಂಗಳದಲ್ಲಿ ನಡೆದದ್ದು ಹೇಳುತ್ತೇನೆ. ಅಟ್ಟದ ಕಂಬದಿಂದ ಕಂಬಕ್ಕೆ ಬಿಳಿ ಪಂಚೆ ಎಳೆದು ಕಟ್ಟಿದ್ದರು. ಮೂವತ್ತು ಜನ ಇದ್ದರು, ಕವಳದ ಹರಿವಾಣ ಕೈಯಿಂದ ಕೈಗೆ ಹೋಗುತ್ತಿತ್ತು. ಏಳನೆಯ ಚಿತ್ರದಲ್ಲಿ ರೋಗ ಹತ್ತಿದ ಹಸಿ ಅಡಿಕೆ, ನನ್ನ ಅಂಗೈ ಮೇಲೆ ಇಟ್ಟು ತೆಗೆದದ್ದು. ತೊಟ್ಟಿನ ಹತ್ತಿರ ನೀರು ಕುಡಿದಂಥ ಕಡುಹಸಿರು ಮಚ್ಚೆ. ನಾನು ಅದನ್ನೇ ವಿವರಿಸುತ್ತಿದ್ದೆ. ಹಿಂದೆ ಕಂಬಕ್ಕೊರಗಿ ಕೂತಿದ್ದ, ಮರ ಹತ್ತಿ ಕೊನೆ ಇಳಿಸುವ ಒಬ್ಬ ಕೊನೆಗೌಡ ಎದ್ದು ಪಂಚೆಯ ಹತ್ತಿರ ಹೋದ. ಚಿತ್ರದ ಮೇಲೆ ಅವನ ನೆರಳು ಬಿತ್ತು. ಬೆರಳಿನಿಂದ ಆ ಮಚ್ಚೆ ಮುಟ್ಟಿ ಹೇಳಿದ: ‘ಇದು ಉದುರಿದ ಮೇಲಿನ ಫೋಟೊ ಸಾರ್. ಮರದ ಮೇಲೆ ಮೊದಲು ಹೀಗೆ ಕಾಣೋದಿಲ್ಲ. ಮೊದಲು ಹೊಳಪು ಹೋಗ್ತದೆ. ಎಣ್ಣೆ ಒರೆಸಿದ ಹಾಗಿದ್ದ ಕಾಯಿ ಬೂದಿ ಒರೆಸಿದ ಹಾಗೆ ಆಗ್ತದೆ.’

ಕೊನೆ ಮುಟ್ಟುವಷ್ಟು ಹತ್ತಿರದಿಂದ ಆ ಕಾಯಿಯನ್ನು ನೋಡಿದವನು ಆ ಅಂಗಳದಲ್ಲಿ ಅವನೊಬ್ಬನೇ. ಉಳಿದವರೆಲ್ಲ ನೆಲದಿಂದ ಕತ್ತೆತ್ತಿ ನೋಡುವವರು, ನಾನೂ ಸೇರಿ. ನಾನು ರಿಮೋಟ್ ಒತ್ತಿ ಮೂರನೆಯ ಚಿತ್ರಕ್ಕೆ ಹಿಂದಕ್ಕೆ ಹೋದೆ, ರೋಗವಿಲ್ಲದ ಕೊನೆ. ‘ಈ ಹೊಳಪೇನು?’ ‘ಹೌದು, ಇದೇ.’ ಮತ್ತೆ ಏಳಕ್ಕೆ. ಮತ್ತೆ ಮೂರಕ್ಕೆ. ಮೂರು, ಏಳು, ಮೂರು, ಏಳು. ಕವಳದ ಹರಿವಾಣ ಒಂದು ಕಡೆ ನಿಂತೇಬಿಟ್ಟಿತು. ಕೂತವರು ಒಬ್ಬೊಬ್ಬರಾಗಿ ಮುಂದಕ್ಕೆ ಸರಿದರು. ಆಮೇಲಿನ ಅರ್ಧ ಗಂಟೆ ಮಾತಾಡಿದ್ದು ಅವನು, ನಾನು ಬರೀ ಗುಂಡಿ ಒತ್ತಿದೆ. ಹೊಳಪು ಹೋದ ಕಾಯಿ ಕಂಡ ದಿನ ತಾನು ಯಜಮಾನರಿಗೆ ಹೇಳಿದರೆ ‘ಮಳೆ ಬಿಡಲಿ ನೋಡೋಣ’ ಅನ್ನುತ್ತಾರೆ ಅಂತಲೂ ಹೇಳಿದ, ಯಜಮಾನರ ಎದುರೇ. ಅವರು ಹರಿವಾಣ ನೋಡುತ್ತ ಕೂತಿದ್ದರು.

ಮಾರನೆ ವರ್ಷ ನನ್ನ ಕ್ಯಾಮೆರಾವನ್ನು ಅವನ ಕೊರಳಿಗೆ ಹಾಕಿ ಮರ ಹತ್ತಿಸಿದೆ. ಹದಿನಾಲ್ಕು ಫೋಟೊ ತೆಗೆದ. ಹನ್ನೆರಡರಲ್ಲಿ ಅವನ ಹೆಬ್ಬೆರಳು ಅಡ್ಡ ಬಂದಿದೆ, ಒಂದು ಆಕಾಶ. ಉಳಿದ ಒಂದರಲ್ಲಿ, ಎಂಥ ಫೋಟೊ ಅಂತೀಯ! ಒಂದೇ ಕೊನೆಯಲ್ಲಿ ಅರ್ಧ ಕಾಯಿ ಎಣ್ಣೆ, ಅರ್ಧ ಕಾಯಿ ಬೂದಿ. ಈಗ ನನ್ನ ಕಾರ್ಡಿನಲ್ಲಿ ನಾಲ್ಕನೆಯ ಚಿತ್ರ ಅದೇ.

ಲ್ಯಾಪ್‌ಟಾಪಿನಲ್ಲೂ ಹಿಂದೆ ಮುಂದೆ ಹೋಗಬಹುದಲ್ಲ ಅನ್ನಬೇಡ. ಹೋಗಬಹುದು. ನಾನು ಹೋಗುತ್ತಿರಲಿಲ್ಲ. ಯಂತ್ರದ ಯೋಗಕ್ಷೇಮ ನೋಡುವುದರಲ್ಲೇ ಅರ್ಧ ಜೀವ ಹೋಗುತ್ತಿತ್ತು. ಬ್ಯಾಟರಿ ಎಷ್ಟಿದೆ, ಪರದೆ ಯಾಕೆ ಕಪ್ಪಾಯಿತು, ಅಪ್‌ಡೇಟ್ ಅಂತ ಏನೋ ತಿರುಗುತ್ತಿದೆಯಲ್ಲ. ಕೊನೆಗೌಡ ಎದ್ದು ನಿಂತದ್ದು ಆಗ ನನಗೆ ಕಾಣುತ್ತಲೇ ಇರಲಿಲ್ಲ.

ಹಾಗಾದರೆ ಮೊಬೈಲು? ನಿನ್ನ ತಲೆಮಾರಿನವರು ಇದನ್ನೇ ಕೇಳುತ್ತೀರಿ. ಮೊಬೈಲಿನಿಂದ ತಂತಿಯಲ್ಲಿ ಪ್ರೊಜೆಕ್ಟರಿಗೆ ಚಿತ್ರ ಕಳಿಸಬಹುದು, ಆದರೆ ಎಲ್ಲ ಮೊಬೈಲಿಗೂ ಆ ಶಕ್ತಿ ಇಲ್ಲ. ತೂತು ಒಂದೇ ಥರ ಕಂಡರೂ ಕೆಲವು ಬರೀ ಚಾರ್ಜಿಗೆ, ಡೇಟಾಕ್ಕೆ. ತಂತಿಯಿಲ್ಲದೆ ವೈಫೈ ಮೂಲಕ ಕಳಿಸುವುದು ಒಲಿದರೆ ಒಲಿಯಿತು, ಇಲ್ಲದಿದ್ದರೆ ಇಲ್ಲ. ನಾನು ಒಂದು ಸಲ ಮಾಡಿದೆ. ಸಿಂಪಡಣೆಯ ಅಂತರ ನಲವತ್ತರಿಂದ ನಲವತ್ತೈದು ದಿನ ಅಂತ ಹೇಳುತ್ತಿರುವಾಗ ಚಿತ್ರದ ತಲೆಯ ಮೇಲೆ ಪಟ್ಟಿ ಬಂತು: ‘ಬರುವಾಗ ಹಿಂಗು ಮರೆಯಬೇಡಿ, ಹೋದ ಸಲದ ಹಾಗೆ.’ ದೊಡ್ಡಮ್ಮನ ಮೆಸೇಜು. ಅಂದು ಊರಿನವರೆಲ್ಲ ಹೊರಡುವಾಗ ನನಗೆ ಹಿಂಗು ನೆನಪಿಸಿಯೇ ಹೋದರು.

ಇನ್ನು ಕರೆಂಟು. ಕೊಳೆಯ ಮಾತು ಆಡಬೇಕಾದ್ದು ಮುಂಗಾರಿಗೆ ಮುಂಚೆ, ಮೊದಲ ಸಿಂಪಡಣೆಯ ಹೊತ್ತಿಗೆ. ಮರ ಬಿದ್ದು ತಂತಿ ಹರಿಯುವುದೂ ಅದೇ ದಿನಗಳಲ್ಲಿ. ಸಭಾಂಗಣದ ದೊಡ್ಡ ಪ್ರೊಜೆಕ್ಟರು ಇನ್ನೂರೈವತ್ತು ಮುನ್ನೂರು ವ್ಯಾಟ್ ಎಳೆಯುತ್ತದೆ. ಅದರ ದೀಪ ಕೆಂಡದಂತೆ ಕಾದಿರುತ್ತದೆ, ಆರಿಸಿದ ಮೇಲೂ ಫ್ಯಾನು ತಿರುಗಿ ತಣಿಯುವವರೆಗೆ ಪ್ಲಗ್ ಕೀಳಬಾರದು. ಕರೆಂಟು ತಾನಾಗಿ ಹೋದರೆ ಆ ದೀಪದ ಆಯುಷ್ಯ ಕಮ್ಮಿಯಾಯಿತು ಅಂತಲೇ ತಿಳಿ. ಈಗ ಎಲ್‌ಇಡಿ ದೀಪದ ಪುಟ್ಟ ಪ್ರೊಜೆಕ್ಟರುಗಳಿವೆ, ಕೆಲವು ತಮ್ಮದೇ ಬ್ಯಾಟರಿಯಲ್ಲಿ ನಡೆಯುತ್ತವೆ, ಕಾರ್ಡನ್ನೂ ಓದುತ್ತವೆ. ಹಗಲಲ್ಲಿ ಕಿಟಕಿ ತೆರೆದಿದ್ದರೆ ಏನೂ ಕಾಣುವುದಿಲ್ಲ. ಆದರೆ ರಾತ್ರಿ ಅಂಗಳದಲ್ಲಿ, ಊರೆಲ್ಲ ಕತ್ತಲಾಗಿರುವಾಗ, ಅದರ ಬೆಳಕು ಧಾರಾಳ. ಕರೆಂಟು ಹೋದರೆ ಸಭೆ ಶುರು ಅಂತ ತಮಾಷೆ ಮಾಡಿದ್ದೂ ಇದೆ.

ಮರೆಯುವ ಮುಂಚೆ ಒಂದೆರಡು ಸಣ್ಣ ಮಾತು. ಪ್ರೊಜೆಕ್ಟರಿನ ಸ್ಲೈಡ್‌ಶೋ ತಾನೇ ಐದೈದು ಸೆಕೆಂಡಿಗೆ ಮುಂದೆ ಓಡುವ ಹಾಗಿರುತ್ತದೆ, ಮೊದಲು ಅದನ್ನು ನಿಲ್ಲಿಸು. ಮೊದಲ ಮತ್ತು ಕೊನೆಯ ಚಿತ್ರ ಬರೀ ಕಪ್ಪಾಗಿರಲಿ, ಮಾತಿಗೆ ಮುಂಚೆ ಪರದೆ ಮೇಲೆ ಮೆನು ಕಾಣದ ಹಾಗೆ. ರಿಮೋಟಿನ ಶೆಲ್ಲು ನಿನ್ನದೇ ಒಯ್ಯಿ, ಅಲ್ಲಿಯದು ಸತ್ತಿರುತ್ತದೆ. ಪ್ರೊಜೆಕ್ಟರ್ ಇಟ್ಟವರಿಗೆ ಹಿಂದಿನ ದಿನ ಫೋನ್ ಮಾಡಿ ‘ಕಾರ್ಡಿನ ಸೀಳು, ಯುಎಸ್‌ಬಿ ತೂತು ಯಾವುದಿದೆ, ಅದರಲ್ಲಿ ಫೋಟೊ ತೋರಿಸಿ ನೋಡಿದ್ದೀರಾ’ ಅಂತ ಕೇಳು. ಕೆಲವದರಲ್ಲಿ ಯುಎಸ್‌ಬಿ ಇರುವುದು ರಿಪೇರಿಯವರಿಗೆ ಮಾತ್ರ. ಯಾವ ನಂಬರಿಗೆ ಯಾವ ಚಿತ್ರ ಅಂತ ಒಂದು ಕಾಗದದ ಮೇಲೆ ಬರೆದುಕೋ. ನನ್ನದು ಯಾವುದೋ ಮದುವೆ ಕಾಗದದ ಹಿಂದೆ ಇದೆ, ಆ ಜೋಡಿಯ ಮಗ ಈಗ ಕಾಲೇಜಿಗೆ ಹೋಗುತ್ತಾನಂತೆ.

ನಾಳೆ ನಿನ್ನಪ್ಪ ಇಲ್ಲಿಗೆ ಬರುವವನಿದ್ದಾನೆ. ಅವನ ಕೈಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಒಂದು ಸೇರು ಸಂಡಿಗೆ, ಮತ್ತೆ ಒಂದು ಹಳೇ ಕುಂಕುಮದ ಭರಣಿ ಕಳಿಸುತ್ತೇನೆ. ಭರಣಿಯೊಳಗೆ ಹತ್ತಿಯಲ್ಲಿ ಸುತ್ತಿದ ನನ್ನ 8 ಜಿಬಿ ಕಾರ್ಡ್ ಇದೆ. ಇಪ್ಪತ್ತೆರಡು ಚಿತ್ರಗಳಿವೆ. ಬೇಡವಾದ್ದನ್ನು ಕಿತ್ತುಹಾಕು, ನಾಲ್ಕನೆಯದನ್ನು ಮಾತ್ರ ಇಟ್ಟುಕೋ. ಅದನ್ನು ತೆಗೆದವನು ಹೋದ ವರ್ಷ ಮರ ಹತ್ತುವುದನ್ನು ಬಿಟ್ಟ, ಸೊಂಟ ಹಿಡಿದಿದೆಯಂತೆ. ನಿನ್ನ ಕಾರ್ಯಕ್ರಮದ ಊರು ಅವನ ಮಗಳನ್ನು ಕೊಟ್ಟ ಊರಿಗೆ ಹತ್ತಿರ, ಬಂದರೂ ಬಂದಾನು. ಬಂದರೆ ಮುಂದೆ ಕೂರಿಸು.

ಕಾರ್ಡಿನ ಎಡಗಡೆ ಒಂದು ಸಣ್ಣ ಬಿಳಿ ಗುಬುಟಿದೆ, ಉಗುರಿನಿಂದ ಸರಿಸುವಂಥದ್ದು. ಬೀಗವೇನಲ್ಲ, ‘ಇದರ ಮೇಲೆ ಬರೆಯಬೇಡ’ ಅಂತ ಯಂತ್ರಕ್ಕೆ ಒಂದು ಸನ್ನೆ ಅಷ್ಟೇ. ನಾನು ಕೆಳಗೆ ಸರಿಸಿಟ್ಟಿದ್ದೇನೆ. ನಿನ್ನ ಚಿತ್ರಗಳನ್ನು ಸೇರಿಸುವ ಮುಂಚೆ ಅದನ್ನು ಮೇಲಕ್ಕೆ ಮಾಡಿಕೋ.

ಇತಿ,
ನಿನ್ನ ದೊಡ್ಡಪ್ಪ